ಗಾಜಿನ ಮೇಲೆ ಬಿದ್ದ ನೀಲಿ

ನಾನು ಈಗ ಕೆಲಸ ಮಾಡುವಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ. ರಕ್ತಕಣದ ಹೊಟ್ಟೆಯೊಳಗಿನ ಚೂರುಪಾರನ್ನೂ ತೋರಿಸುತ್ತದೆ, ಆದರೆ ಎಲ್ಲವೂ ಬೂದಿ ಬಣ್ಣ. ಅದರ ಮುಂದೆ ಕೂತಾಗಲೆಲ್ಲ ಹೊಸಪೇಟೆಯ ಒಂದೇ ಕೋಣೆಯ ಲ್ಯಾಬು, ಅಲ್ಲಿ ನನಗೆ ಕೆಲಸ ಕಲಿಸಿದ ಅಕ್ಕ ನೆನಪಾಗುತ್ತಾರೆ.

ಅಕ್ಕ ದಿನಾ ಕಂಪ್ಲಿಯಿಂದ ಬಸ್ಸಿಗೆ ಬರುತ್ತಿದ್ದರು. ವಯಸ್ಸಿನಲ್ಲಿ ನಮ್ಮವ್ವನಷ್ಟು, ಆದರೂ ಎಲ್ಲರಿಗೂ ಅಕ್ಕ. ಗಣಿ ಜೋರಾಗಿದ್ದ ಕಾಲ. ಕಬ್ಬಿಣದ ಅದಿರಿನ ಲಾರಿಗಳು ಹಾದು ಹಾದು, ಮುಚ್ಚಿಟ್ಟ ಬಿಂದಿಗೆಯ ಮೇಲೂ ಕೆಂಪು ಧೂಳು. ಮೂಳೆಮಜ್ಜೆಯಲ್ಲಿ ಕಬ್ಬಿಣ ಇದೆಯೇ ಎಂದು ನೋಡಲು, ಮಜ್ಜೆ ಸವರಿದ ಗಾಜಿನ ಮೇಲೆ ಒಂದು ದ್ರಾವಣ ಸುರಿಯುತ್ತೇವೆ; ಕಬ್ಬಿಣವಿದ್ದಲ್ಲಿ ನೀಲಿ ಏಳುತ್ತದೆ. ಆ ಕೆಲಸವಿದ್ದ ದಿನ ಅಕ್ಕ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನು ನಿಲ್ಲಿಸಿ, ಮೊಣಕೈತನಕ ತೊಳೆದುಕೊಂಡೇ ಗಾಜು ಮುಟ್ಟುತ್ತಿದ್ದರು.

"ಅಕ್ಕಾ, ಇದೇನು ಮಠಾ ಏನು?" ಎಂದು ನಾನು ಕಾಡಿಸಿದರೆ, "ಮಠದಾಗ ತಪ್ಪಿದ್ರ ದೇವ್ರು ಬಿಡ್ತಾನ. ಇಲ್ಲಿ ತಪ್ಪಿದ್ರ ಬ್ಯಾರೆಯವ್ರು ಸಾಯ್ತಾರಲೇ" ಅನ್ನುತ್ತಿದ್ದರು.

ಅವರು ನೆಂಟರ ಮದುವೆಗೆಂದು ರಜೆ ಹಾಕಿದ ದಿನ ಒಬ್ಬ ಹೆಂಗಸಿನ ಮಜ್ಜೆ ಬಂತು. ಸಂಡೂರಿನ ಕಡೆ ಅದಿರು ಒಡೆಯುವ ಕೂಲಿಯವಳು. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದೆ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದಳು. ಬಿಸಿಲಿಗೆ ಕೋಣೆ ಕಾದಿತ್ತು. ನಾನು ಕಿಟಕಿ ತೆಗೆದೆ, ಗಾಜನ್ನು ಅದರ ಕಟ್ಟೆಯ ಮೇಲೇ ಆರಿಸಿದೆ. ನೋಡಿದರೆ ತುಂಬ ನೀಲಿ. ಕಬ್ಬಿಣ ಸಾಕಷ್ಟಿದೆ ಎಂದು ಬರೆದೆ. ಡಾಕ್ಟರು ಮಾತ್ರೆ ನಿಲ್ಲಿಸಿ, ತಿಂಗಳು ಬಿಟ್ಟು ಬಾ ಎಂದು ಕಳಿಸಿದರು.

ಮರುದಿನ ಅಕ್ಕ ಗಾಜು ನೋಡಿದರು. ಸೂಕ್ಷ್ಮದರ್ಶಕದ ತಿರುಪನ್ನು ಅತ್ತ ಒಂದೆಳೆ, ಇತ್ತ ಒಂದೆಳೆ ತಿರುಗಿಸಿದರು.

"ಕಿಡಕಿ ತೆಗದಿದ್ದೇನು?"

ನಾನು ಹೂಂ ಎಂದು ತಲೆಯಾಡಿಸಿದೆ.

"ಇಣುಕು. ಕಣ ಕಂಡಾಗ ನೀಲಿ ಕಾಣಂಗಿಲ್ಲ, ನೀಲಿ ಕಂಡಾಗ ಕಣ ಕಾಣಂಗಿಲ್ಲ. ಇದು ಮ್ಯಾಲೆ ಕುಂತೈತಿ. ಆಕಿದಲ್ಲ ಇದು, ಲಾರಿದು."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅದೇ ಮಜ್ಜೆಯ ಇನ್ನೊಂದು ಗಾಜನ್ನು ಬಣ್ಣ ಹಾಕದೆ ಕಾಗದದಲ್ಲಿ ಸುತ್ತಿಡುವುದು ಅವರ ರೂಢಿ. ನಾನೂ ಅಷ್ಟನ್ನು ಮಾತ್ರ ಮಾಡಿದ್ದೆ. ಕಿಟಕಿ ಮುಚ್ಚಿ, ಬೆವರು ಸುರಿಸುತ್ತ ಇಬ್ಬರೂ ಮತ್ತೆ ಬಣ್ಣ ಹಾಕಿದೆವು. ಎಷ್ಟು ಹುಡುಕಿದರೂ ನೀಲಿಯ ಒಂದು ಚುಕ್ಕೆಯಿಲ್ಲ. ಅವಳ ಮೈಯಲ್ಲಿ ಕಬ್ಬಿಣವೇ ಇರಲಿಲ್ಲ.

ಡಾಕ್ಟರು ಮತ್ತೆ ಮಾತ್ರೆ ಬರೆದುಕೊಟ್ಟರು. ಅವಳಿಗೆ ಫೋನಿಲ್ಲ, ತಿಂಗಳು ಕಾಯುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. ಭಾನುವಾರ ಅಕ್ಕ, ನಾನು ಆ ಮಾತ್ರೆ ಹಿಡಿದು ಸಂಡೂರು ಬಸ್ಸು ಹತ್ತಿ, ಕೇಳುತ್ತ ಕೇಳುತ್ತ ಅವಳ ಗುಡಿಸಲು ಹುಡುಕಿದೆವು. ಗೋಡೆಗೆ ಒರಗಿ ಕೂತಿದ್ದಳು.

"ತಪ್ಪು ನಮ್ದವ್ವಾ. ಗಾಜಿನ ಮ್ಯಾಲೆ ಗಣಿ ಧೂಳು ಬಿದ್ದಿತ್ತು" ಎಂದರು ಅಕ್ಕ. ನನ್ನ ಹೆಸರೆತ್ತಲಿಲ್ಲ.

ಅವಳು ನಕ್ಕಳು. "ದಿನಾ ಬಡಿತೀನಿ ಅಂತ ಗುಡ್ಡ ನನ್ ಬೆನ್ನತ್ತಿ ದವಾಖಾನಿಗೂ ಬಂತೇನ್ರಿ? ಮತ್ತ ಸೂಜಿ ಚುಚ್ಚಂಗಿದ್ರ ನಾ ಒಲ್ಲೆ ನೋಡ್ರಿ."

"ಸೂಜಿ ಬ್ಯಾಡ. ಗುಳಿಗಿ ಹೆಂಗ ನುಂಗ್ತಿದ್ದಿ ಹೇಳು."

"ಚಾದ ಜೋಡಿರಿ. ನೀರಾಗ ವಾಕರಿಕೆ ಬರ್ತೈತಿ."

ಅಕ್ಕ ಹಣೆ ಬಡಿದುಕೊಂಡರು. "ಚಾ ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ ತಂಗಿ! ನಿಂಬಿಹಣ್ಣಿನ ನೀರಾಗ ನುಂಗು. ಈಗ, ನನ್ನ ಮುಂದ."

ಎರಡು ತಿಂಗಳಿಗೆ ಅವಳು ತಾನೇ ನಡೆದು ಲ್ಯಾಬಿಗೆ ಬಂದಳು. ರಕ್ತ ತೆಗೆಯುವ ಮೊದಲೇ ಅಕ್ಕ ಅವಳ ಕೆಳರೆಪ್ಪೆ ಎಳೆದು ನೋಡಿ, "ಲೇ, ಜಲ್ದಿ ಬಾ ಇಲ್ಲಿ! ಹೆಂಗ ಕೆಂಪಗಾಗೈತಿ ನೋಡು" ಎಂದು ಬೀದಿಗೆ ಕೇಳುವಂತೆ ಕೂಗಿದರು. ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡಿದೆ.

ಅಕ್ಕ ತೀರಿಹೋಗಿ ವರ್ಷಗಳಾದವು. ಇಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಫಲಿತಾಂಶ ಕಂಪ್ಯೂಟರಿನಲ್ಲೇ ಬರುತ್ತದೆ. ಲೇ ಎಂದು ಯಾರೂ ಕೂಗಿ ಕರೆಯುವುದಿಲ್ಲ.