ಕಡಿಯದೆ ಒಳಗಿಲ್ಲ

ಬನಶಂಕರಿಯ ನಮ್ಮ ಮನೆಯ ವರಾಂಡದಲ್ಲಿ, ಕೆಂಪು ನೆಲದ ಮೇಲೆ, ಅಪ್ಪ ಹೊಸದಾಗಿ ಚೌಕಾಬಾರ ಬರೆದರು. ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ? ನೆನಪು ಎರಡನ್ನೂ ತೋರಿಸುತ್ತದೆ. ಎರಡನ್ನೂ ನಂಬುವುದಿಲ್ಲ. ಎಂಬತ್ತರ ದಶಕದ ಆರಂಭ, ಅಪ್ಪನ ಕಾರ್ಖಾನೆಯಲ್ಲಿ ಮುಷ್ಕರ, ಅದಂತೂ ನಿಜ. ನಾಳೆ ಬೆಳಿಗ್ಗೆ ಬರದವರಿಗೆ ಕೆಲಸವಿಲ್ಲ ಎಂದು ಆಡಳಿತ ಹೇಳಿಕಳಿಸಿತ್ತು. ಹೋದವರಿಗೆ ಗೇಟಿನಲ್ಲಿ ಅಡ್ಡ ನಿಲ್ಲುವವರು ಪಕ್ಕದ ಮನೆ ಅಂಕಲ್. ಅದೇ ಪಾಳಿ, ದಿನಾ ಸಂಜೆ ಅಪ್ಪನ ಎದುರು ಕವಡೆ ಹಾಕುವವರು.

ಅಂದೂ ಬಂದರು. ಬಗ್ಗಿ ನೋಡಿದರು.

"ಏನಣ್ಣಾ ಇದು, ಎಲ್ಲಿ ನೋಡಿದ್ರೂ ಕಟ್ಟೆ?"

ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಬದಿಗೊಂದರಂತೆ ಇರುವ ಕಟ್ಟೆಗಳನ್ನು ಅಪ್ಪ ಮೂಲೆಗಳಿಗೂ ಹಾಕಿದ್ದರು. ತಲಘಟ್ಟಪುರದಲ್ಲಿ ದಾಯಾದಿಗಳ ಬಡಿದಾಟ ನೋಡುತ್ತ ಬೆಳೆದವರು.

"ಎಲ್ರೂ ಬದುಕ್ಲಿ ಬಿಡಪ್ಪಾ."

"ಹಂಗಾದ್ರೆ ಆಟ ಯಾಕೆ? ಭಜನೆ ಮಾಡು." ಜಗಳವಾಡದೆ ಏನೂ ಸಿಗದ ಬದುಕು ಅಂಕಲ್‌ದು. ಮೂಲೆಯ ಗುರುತುಗಳನ್ನು ಹೆಬ್ಬೆರಳಿನಿಂದ ಉಜ್ಜಿದರು. "ಒಂದು ಕಾಯಾದ್ರೂ ಕಡೀದೆ ಒಳಸುತ್ತಿಗೆ ಹೋಗಂಗಿಲ್ಲ. ಅದನ್ನೂ ತೆಗ್ದಿದ್ದೀಯೇನು?"

"ತೆಗ್ದೆ."

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. ಡಿಗ್ರಿ ಓದುತ್ತಿದ್ದ ನಾನು ಪುಸ್ತಕ ಮಡಚಿದೆ.

ಹಳೇ ರೂಲ್ಸೇ ಎಂದು ಅಂಕಲ್ ಹಟ ಹಿಡಿದರು. ಅಪ್ಪನ ಕಾಯಿಗಳು ಯಾರನ್ನೂ ಕಡಿಯದೆ ಹೊರಸುತ್ತಿನಲ್ಲೇ ತಿರುಗಿದವು. ಕೊನೆಗೆ ಚೌಕಾ ಬಿತ್ತು. ಸರಿಯಾಗಿ ನಾಲ್ಕು ಮನೆ ಆಚೆ ಅಂಕಲ್‌ರ ಕಾಯಿ. ಅಪ್ಪ ತಮ್ಮದನ್ನು ಎತ್ತಿದರು, ಎತ್ತಿಕೊಂಡೇ ಕೂತರು.

"ಕಡಿ ಅಣ್ಣಾ, ನಾಚ್ಕೆ ಯಾಕೆ?"

ಅಪ್ಪ ಅದನ್ನು ಅದೇ ಮನೆಯಲ್ಲಿ, ಅಂಕಲ್‌ರ ಕಾಯಿಯ ಪಕ್ಕದಲ್ಲಿಟ್ಟರು. "ಒಂದೇ ಮನೇಲಿ ಇಬ್ರೂ ಇರ್ಬಹುದು."

"ಯಾವೂರಲ್ಲಿ?"

ಅಂಕಲ್ ಕಾಫಿ ಕುಡಿಯದೆ ಎದ್ದು ಹೋದರು.

ಬೆಳಿಗ್ಗೆ ಅಮ್ಮ ಚಿತ್ರಾನ್ನ ತುಂಬಿದ ಕ್ಯಾರಿಯರ್ ಅನ್ನು ಅಪ್ಪನ ಕೈಗಿಟ್ಟರು. ಅಪ್ಪ ಬೇಡವೆನ್ನಲಿಲ್ಲ. ಕೆಲಸಕ್ಕೆ ಮರಳುವವರನ್ನು ಕರೆದೊಯ್ಯುವ ವ್ಯಾನು ರಸ್ತೆ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅಂಕಲ್ ಕಾರ್ಖಾನೆಯ ಗೇಟಿಗೆ ಹೋಗಿರಲಿಲ್ಲ. ನಮ್ಮ ಮನೆಯ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಅಲ್ಲಿ ಜನದ ಮುಂದೆ ಬೇಡ ಅಣ್ಣಾ. ಇಲ್ಲೇ ನನ್ನ ತಳ್ಳಿ ಹೋಗು. ನಾ ಕೈ ಎತ್ತಲ್ಲ."

ಹಾರ್ನ್ ಮತ್ತೆ ಕೂಗಿತು. ಅಪ್ಪ ಅವರ ಬೆನ್ನಿನ ಹಿಂದೆ, ಒಂದು ಗೇಣು ದೂರದಲ್ಲಿ, ಸುಮ್ಮನೆ ನಿಂತರು. ವ್ಯಾನಿನ ಸದ್ದು ದೂರವಾಯಿತು.

ಆಗ ಅಪ್ಪ ನಕ್ಕರೆಂದು ಅಮ್ಮ ಹೇಳುತ್ತಿದ್ದರು. ನನಗೆ ನಗು ನೆನಪಿಲ್ಲ. ಅವರ ಕೈಯಿಂದ ಕ್ಯಾರಿಯರ್ ತೆಗೆದುಕೊಂಡಾಗ ಅದರ ತಳ ಇನ್ನೂ ಸುಡುತ್ತಿತ್ತು. ಅಷ್ಟನ್ನು ನಂಬುತ್ತೇನೆ.