ಮಶಾಕಸಾಬರ ಬಲಗೈ

ಸಂಶಿಯ ಮಶಾಕಸಾಬರ ಕೈಗೆ ಮೊದಲ ಸಲ ಸಿಕ್ಕಾಗ ನಾನು ಅವರಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರನಾಗಿ ನಿಂತು ನಿಂತು ನನ್ನ ಸೊಂಟ ಕೆಟ್ಟು ಕೂತಿತ್ತು. ಅವರು ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಬೆನ್ನೆಲುಬಿನ ಒಂದೊಂದು ಮಣಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೀರಲಿಂಗಪ್ಪ, ಟಿಕೆಟ್ ಇಲ್ದ ಹತ್ತಿದವ್ರನ್ನ ಇಲ್ಲೀತನಕ ಎಷ್ಟ ಮಂದೀನ ಇಳಿಸೀರಿ?" ಎಂದು ಕೇಳಿದರು. ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಹೆಗಲು ಒಂದು ಕಡೆ, ಸೊಂಟ ಒಂದು ಕಡೆ ಹಿಡಿದು ಒಂದೇ ಝಟಕಾ ಕೊಟ್ಟರು. ಟಕ್ ಎಂದಿತು. ಸತ್ತೆ ಎಂದುಕೊಂಡೆ. ಬೈದೆ. ಬೈದು ಮುಗಿಸಿ ಎದ್ದರೆ, ಎರಡು ತಿಂಗಳ ಮೇಲೆ ಮೊದಲ ಸಲ ಬಗ್ಗಿ ನನ್ನ ಚಪ್ಪಲಿ ನಾನೇ ಹಾಕಿಕೊಂಡೆ.

ಅವರ ಅಪ್ಪ, ಅಜ್ಜ ಎಲ್ಲರೂ ಕೀಲು ಕೂಡಿಸುವವರೇ. ಊರಿನ ಹುಡುಗರು ಮೊಬೈಲಿನಲ್ಲಿ ಪರದೇಶದ ಕೈರೋಪ್ರಾಕ್ಟಿಕ್ ಡಾಕ್ಟರರ ವಿಡಿಯೋ ತಂದು, "ಕಾಕಾ, ಹಿಂಗ ಕುತ್ತಿಗಿ ಟಕ್ ಅನಸ್ರಿ" ಎಂದು ಗಂಟು ಬೀಳುತ್ತಿದ್ದರು. ಮಶಾಕಸಾಬರು ಕನ್ನಡಕ ಏರಿಸಿ ಪೂರಾ ನೋಡುತ್ತಿದ್ದರು. "ಇವ್ರೂ ನಮ್ಮ ಪೈಕೀನ ಬಿಡ್ರಿ. ಆದ್ರ ಕುತ್ತಿಗಿ ಮಾತ್ರ ನಾ ಮುಟ್ಟಂಗಿಲ್ಲ. ರುಬಿಯಾನ ಆಣಿ ಐತಿ." ರುಬಿಯಾ ಅವರ ಮಗಳು, ಫಿಜಿಯೋಥೆರಪಿ ಓದಿ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾಳೆ. ಎಲುಬು ಮುರಿದವರನ್ನು, ಕಾಲು ಜೋಮು ಹಿಡಿದವರನ್ನು ಮುಟ್ಟದೆ ದವಾಖಾನೆಗೆ ಕಳಿಸಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಅಪ್ಪ ಮಗಳಿಗೆ ಹೆದರುತ್ತಿದ್ದರು, ಅದು ನನಗೆ ಬಹಳ ಖುಷಿಯ ವಿಷಯವಾಗಿತ್ತು.

ಆ ಮನೆಯದೊಂದು ಕಟ್ಟಳೆ ಇತ್ತು. ಹೊಡೆದಾಟದಲ್ಲಿ ಯಾರದಾದರೂ ಕೀಲು ತಪ್ಪಿದರೆ, ತಪ್ಪಿಸಿದವನೇ ಬಂದು ಅವರನ್ನು ಹಿಡಿದುಕೊಳ್ಳಬೇಕು. ಕೂಡಿಸುವಾಗ ಏಳುವ ಕೂಗನ್ನು ಹತ್ತಿರದಿಂದ ಕೇಳಬೇಕು. ಹೊಲದ ಬದುವಿಗಾಗಿ ಒಬ್ಬರ ಮೈಮೇಲೊಬ್ಬರು ಸಲಿಕೆ ಎತ್ತಿದ ಅಣ್ಣತಮ್ಮಂದಿರು ಇಲ್ಲಿ ಒಬ್ಬರನ್ನೊಬ್ಬರು ಅವುಚಿ ಹಿಡಿದು ಅತ್ತಿದ್ದನ್ನು ನಾನೇ ನೋಡಿದ್ದೇನೆ. ಯಾರೂ ಇಲ್ಲವೆನ್ನುತ್ತಿರಲಿಲ್ಲ, ಏಕೆಂದರೆ ನಾಳೆ ತಮ್ಮದೂ ತಪ್ಪಬಹುದು.

ಹೋದ ವರ್ಷ ಹೆಸರುಕಾಳಿನ ಸುಗ್ಗಿಯಲ್ಲಿ ನಾನು ಅದೇ ಚಾಪೆಯ ಮೇಲಿದ್ದೆ. ಮಡಿವಾಳೆಪ್ಪ ಗೌಡರ ಮಗ ಕಾಶಿನಾಥ ತನ್ನ ಹೆಂಡತಿ ಸೌಂದರ್ಯಾಳನ್ನು ಕರೆತಂದ. ಅವಳ ಎಡಗೈ ಹೆಗಲಿನಿಂದ ಜೋತು ಬಿದ್ದಿತ್ತು.

"ಬಚ್ಚಲದಾಗ ಜಾರಿ ಬಿದ್ದಾಳ್ರಿ," ಎಂದ.

ಮಶಾಕಸಾಬರು ಹೆಗಲು ಮುಟ್ಟಿದರು. ಮೊಣಕೈ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು ಎದ್ದು ಕಾಣುತ್ತಿತ್ತು. "ಬಿದ್ದ ಹೆಗಲ ಹಿಂಗ ಇರಂಗಿಲ್ಲ ತಮ್ಮಾ. ಇದು ಬೆನ್ನ ಹಿಂದ ತಿರುವಿದ್ದು. ಯಾರು ತಿರುವ್ಯಾರ ಅಂತ ನಾ ಕೇಳಂಗಿಲ್ಲ. ತಿರುವಿದವ್ರು ಬಂದು ಹಿಡೀರಿ."

ಹನ್ನೆರಡು ಮಂದಿ ಕೂತಿದ್ದೆವು. ಸೌಂದರ್ಯಾ ನೆಲ ನೋಡುತ್ತಾ, "ಇವ್ರ ಹಿಡೀಲಿ," ಎಂದಳು.

ಕಾಶಿನಾಥ ಹಿಡಿದ. ಕೀಲು ಒಳಗೆ ಹೋಗುವಾಗ ಅವಳು ಹಾಕಿದ ಕೂಗಿಗೆ ಹೊರಗೆ ಕಟ್ಟಿದ್ದ ಎತ್ತು ಹಗ್ಗ ಜಗ್ಗಿತು. ಮರುದಿನ ಬೆಳಗ್ಗೆ ಅವಳು ಬಮ್ಮಿಗಟ್ಟಿಯ ತವರಿಗೆ ಹೋದಳು. ಗಂಡನಿಗೆ ಹೇಳಿ ಹೋಗಲಿಲ್ಲ.

ಮೂರನೆಯ ದಿನ ಕಾಶಿನಾಥ ಒಬ್ಬನೇ ಬಂದ. ನಾನು ಮತ್ತೆ ಚಾಪೆಯ ಮೇಲೆ. ಮಶಾಕಸಾಬರು ಪಟ್ಟಿಗೆ ಹಚ್ಚುವ ಔಷಧಿಯನ್ನು ಕಲ್ಲಿನಲ್ಲಿ ಅರೆಯುತ್ತಿದ್ದರು.

"ಮಂದಿ ಮುಂದ ನನ್ನ ಮಾನ ಕಳದಿ. ಯಾವ ಕೈಲೆ ಮುಟ್ಟಿ ಹೇಳ್ದಿ?" ಎಂದವನೇ ಅವರ ತಲೆಗೂದಲು ಹಿಡಿದು ಎಳೆದ. ಮುದುಕರು ಮಕಾಡೆ ಬಿದ್ದರು. ಬಲಗೈ ಹೊಸ್ತಿಲಿನ ಮೇಲೆ ಚಾಚಿತ್ತು. ಮಣಿಕಟ್ಟನ್ನು ಬೂಟುಗಾಲಿನಿಂದ ತುಳಿದು, ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಿಂದ ಎತ್ತಿ ಬೆರಳುಗಳ ಮೇಲೆ ಹಾಕಿದ. ಮತ್ತೆ ಎತ್ತಿದ, ಮತ್ತೆ ಹಾಕಿದ. ಎಲುಬಿನ ಸದ್ದು ನನಗೆ ಹೊಸದಲ್ಲ, ಅದೇ ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ಇದು ಆ ಸದ್ದಲ್ಲ. ನಾಲ್ಕನೆಯ ಏಟಿಗೆ ಅಡುಗೆಮನೆಯಿಂದ ಓಡಿಬಂದ ರಹೀಮಾಬಿ, ಮಶಾಕಸಾಬರ ಹೆಂಡತಿ, ರೊಟ್ಟಿ ಹಂಚನ್ನೇ ಎತ್ತಿ ಅವನ ಕಿವಿಯ ಮೇಲೆ ಬಾರಿಸಿದರು. ಹಂಚು ಸುಡುತ್ತಿತ್ತು. ಅವನ ಕೆನ್ನೆಯ ತೊಗಲು ಹಂಚಿಗೆ ಹತ್ತಿತು. ಅವನು ಚೀರುತ್ತಾ ಓಡಿದ. ಹೊಸ್ತಿಲ ತುಂಬ ರಕ್ತ.

ನಾನು ಏಳಲಿಲ್ಲ. ಸೊಂಟ ಹಿಡಿದಿತ್ತು, ಏಳಲಾಗಲಿಲ್ಲ ಎಂದು ಆಮೇಲೆ ಪೊಲೀಸರಿಗೂ ನನ್ನ ಹೆಂಡತಿಗೂ ಹೇಳಿದೆ. ಸುಳ್ಳು. ಅಂದು ನನ್ನ ಸೊಂಟ ಚೆನ್ನಾಗಿಯೇ ಇತ್ತು. ಹೆದರಿಕೊಂಡು ಚಾಪೆ ಕಚ್ಚಿ ಬಿದ್ದಿದ್ದೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಬೆರಳುಗಳಿಗೆ ತಂತಿ ಹಾಕಿದರು. ಕಾಶಿನಾಥ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದ. ಒಂದೂವರೆ ತಿಂಗಳ ಮೇಲೆ ಪಟ್ಟಿ ಬಿಚ್ಚಿದಾಗ ಬೆರಳುಗಳು ಕಟ್ಟಿಗೆಯಾಗಿದ್ದವು. ದಿನಾ ಬಗ್ಗಿಸದಿದ್ದರೆ ಜನ್ಮಕ್ಕೆ ಹಾಗೇ ಉಳಿಯುತ್ತವೆ ಎಂದಳು, ರಜೆ ಹಾಕಿ ಬಂದಿದ್ದ ರುಬಿಯಾ. ಬಗ್ಗಿಸುವಾಗ ಅಪ್ಪನನ್ನು ಅಲುಗಾಡದಂತೆ ಹಿಡಿಯಲು ಗಟ್ಟಿ ಆಳು ಬೇಕಿತ್ತು.

ಅದೇ ಹೊತ್ತಿಗೆ, ನಾನು ಅವರನ್ನು ನೋಡಲು ಹೋಗಿದ್ದಾಗ, ಮಡಿವಾಳೆಪ್ಪ ಗೌಡರು ಕೇಸು ಹಿಂತೆಗೆದುಕೊಳ್ಳಿ ಎಂದು ಕೇಳಿಕೊಂಡು ಬಂದರು.

"ಕೇಸ್ ನಡೀಲ್ರಿ ಗೌಡ್ರ, ಅದು ಕೋರ್ಟಿನ ಕೆಲಸ," ಎಂದರು ಮಶಾಕಸಾಬರು. "ನನ್ನ ಮನೀ ಕಟ್ಟಳಿ ಬ್ಯಾರೆ ಐತಿ. ನಿಮ್ಮ ಮಗನ್ನ ಕಳಸ್ರಿ. ಬಂದು ಹಿಡೀಲಿ."

"ಆ ನಾಯಿ ಈ ಹೊಸ್ತಿಲ ದಾಟಿದ್ರ ಈ ಸಲ ತಲಿ ಮ್ಯಾಲೇ ಹಾಕ್ತೀನಿ," ಎಂದು ಹಂಚಿಗೆ ಕೈ ಹಾಕಿದ ರಹೀಮಾಬಿಯನ್ನು ಸುಮ್ಮನಿರಿಸುವಷ್ಟರಲ್ಲಿ ಮಶಾಕಸಾಬರಿಗೆ ಸಾಕಾಯಿತು. ಆಮೇಲೆ ನನ್ನ ಕಡೆ ತಿರುಗಿದರು. "ಕಂಡಕ್ಟರ್ರ, ನೀವೂ ಬರ್ರಿ. ಅವ ಒಂದ ಕಡೆ, ನೀವು ಒಂದ ಕಡೆ. ನೀವೂ ಅಲ್ಲೇ ಇದ್ರಲ್ಲ."

ಅವರಿಗೆ ಗೊತ್ತಿತ್ತು. ನನ್ನ ಸೊಂಟದ ವಿಷಯ ಅವರಿಗಿಂತ ಹೆಚ್ಚು ಯಾರಿಗೆ ಗೊತ್ತಿರಬೇಕು?

ಕೋರ್ಟಿನಲ್ಲಿ ಚಲೋ ಕಾಣುತ್ತದೆ ಎಂದು ಗೌಡರು ಮಗನನ್ನು ತಾವೇ ಎಳೆದು ತಂದು ಬಿಟ್ಟರು. ಕಾಶಿನಾಥನ ಕೆನ್ನೆಯ ಮೇಲೆ ಹಂಚಿನ ಕಲೆ ಕೆಂಪಗಿತ್ತು. ಅವನು ಬಲಭುಜ ಹಿಡಿದ, ನಾನು ಎಡಭುಜ. ರುಬಿಯಾ ಒಂದೊಂದೇ ಬೆರಳು ಹಿಡಿದು ಒತ್ತಿದಳು. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಮಶಾಕಸಾಬರು ಕೂಗಿದರು. ಅರವತ್ತೆರಡು ವರ್ಷದ ಗಂಡಸು ಕರುವಿನ ಹಾಗೆ ಕೂಗಿದರು. ಮೂರನೆಯ ದಿನ ಕಾಶಿನಾಥ ಎದ್ದು ಹೋಗಿ ಅಂಗಳದಲ್ಲಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಮತ್ತೆ ಹಿಡಿದ.

ಒಂಬತ್ತನೆಯ ದಿನ ತೋರುಬೆರಳಿನ ಸರದಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. "ಸಾಕ್ರಿ! ಬಿಡ್ರಿ ಅವ್ರನ್ನ!" ಎಂದು ರುಬಿಯಾಳ ಮೇಲೆ ಚೀರಿದ.

ರುಬಿಯಾ ಕೈ ನಿಲ್ಲಿಸಿದಳು. ಮಶಾಕಸಾಬರ ಮುಖವೆಲ್ಲ ಬೆವರು. ಉಸಿರು ಹತ್ತಿದ ಮೇಲೆ ಕೇಳಿದರು, "ಸೌಂದರ್ಯಾನೂ ಅಂದಿರಬೇಕಲ್ಲ ತಮ್ಮಾ, ಸಾಕ್ರಿ, ಬಿಡ್ರಿ ಅಂತ. ನೀ ಬಿಟ್ಟಿದ್ದೇನು?"

ಮಶಾಕಸಾಬರು ಕೈ ಮತ್ತೆ ಮಗಳ ಮುಂದೆ ಚಾಚಿದರು. "ಹೂಂ, ಮಾಡವಾ."

ನಲವತ್ತು ದಿನ ಹಿಡಿದೆವು. ಅವನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಯ ದಿನ ರುಬಿಯಾ ಇನ್ನು ಮುಂದೆ ಇಷ್ಟೇ ಎಂದಳು. ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳು ಬಗ್ಗುತ್ತಿದ್ದವು. ನಡುವಿನ ಎರಡು ಸೊಟ್ಟಗೆ ನಿಂತುಬಿಟ್ಟಿದ್ದವು.

ಮಶಾಕಸಾಬರು ಆ ಕೈಯಿಂದ ಕಾಶಿನಾಥನ ಮಣಿಕಟ್ಟು ಹಿಡಿದರು. ತಮ್ಮ ಕುತ್ತಿಗೆಯ ನರ ಉಬ್ಬುವಷ್ಟು ಹಿಸುಕಿದರು. "ಬಿಡಿಸ್ಕೊ ನೋಡೂಣು," ಎಂದರು. ಅವನು ಜಗ್ಗಲೂ ಇಲ್ಲ, ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡ. ಅದು ಬಂದುಬಿಟ್ಟಿತು.

"ಇಷ್ಟ ಬಲ ತಿರಗಿ ಬಂತು ನೋಡ ತಮ್ಮಾ," ಎಂದರು. "ಉಳಿದದ್ದು ನಿನ್ನ ಕಡೆ ಐತಿ."

ಕಾಶಿನಾಥ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ನನಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ, ಇವತ್ತಿಗೂ ಹುಟ್ಟಿಲ್ಲ. ಸೌಂದರ್ಯಾಳಿಗೂ ಹುಟ್ಟಿಲ್ಲವೆಂದು ಕಾಣುತ್ತದೆ. ಅವಳು ಬಮ್ಮಿಗಟ್ಟಿಯಲ್ಲೇ ಇದ್ದಾಳೆ, ಅವಳದೂ ಒಂದು ಕೇಸು ನಡೆದಿದೆ.

ಈಗ ರವಿವಾರಕ್ಕೊಮ್ಮೆ ರುಬಿಯಾ ಬಂದು ಬೆನ್ನು ನೋಡುತ್ತಾಳೆ. ಮಶಾಕಸಾಬರು ಬಾಜೂ ಕೂತು, ಸೊಟ್ಟ ಕೈಯ ಹೆಬ್ಬೆರಳಿನಿಂದ ಮಣಿಗಳನ್ನು ಮುಟ್ಟಿ ಎಲ್ಲಿ ಒತ್ತಬೇಕೆಂದು ಹೇಳುತ್ತಾರೆ. ನನಗೆ ಅದೇ ಚಾಪೆ. ಅವಳ ಝಟಕಾ ಅಪ್ಪನದಕ್ಕಿಂತ ಜೋರು. ಮೊದಲಿನ ಹಾಗೆ ನಾನು ಬೈಯುವುದಿಲ್ಲ. ಆ ಹೊಸ್ತಿಲು ನನ್ನ ಕಣ್ಣೆದುರಿಗೇ ಇರುತ್ತದೆ. ಅದನ್ನು ನೋಡುತ್ತಾ ಹಲ್ಲು ಕಚ್ಚಿ ಸುಮ್ಮನೆ ಮಲಗುತ್ತೇನೆ.