ತಾನೇ ನುಡಿಯುವ ಪಿಯಾನೊ ನೋಡಲು ಹೋದದ್ದು

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಹಾರ್ಮೋನಿಯಂ ಮುಟ್ಟಿರಲಿಲ್ಲ. ಬಿನ್ನಿಪೇಟೆಯ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಊಟಕ್ಕೂ ಮುಂಚೆ ಅದರ ಮುಂದೆ ಕೂರುತ್ತಿದ್ದ ಮನುಷ್ಯ ಅವರು. ಭಜನೆ ಮಂಡಳಿಗೂ ಅವರೇ, ಗಿರಣಿಯವರು ಆಡುವ ನಾಟಕಕ್ಕೂ ಅವರೇ. ಈಗ ರಾಜಾಜಿನಗರದ ಬಾಡಿಗೆ ಮನೆಯ ಮಹಡಿಯಲ್ಲಿ ಕಿಟಕಿ ಪಕ್ಕ ಕೂತು, ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಬಿಟ್ಟ ಕೂಡಲೇ ಅವು ಮುದುಡಿಕೊಳ್ಳುತ್ತಿದ್ದವು.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಒಂದು ಕಚೇರಿಯಲ್ಲಿ ಟೈಪಿಸ್ಟ್. ಒಂದು ಸಂಜೆ ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಭಜನೆ ಮಂಡಳಿಯ ಗೆಳೆಯರು ಸುದ್ದಿ ತಂದಿದ್ದರಂತೆ. ಜ್ಞಾನಭಾರತಿ ಹತ್ತಿರ ಪ್ರೊಫೆಸರ್ ಒಬ್ಬರು ಫಾರಿನ್ನಿನಿಂದ ತಂದ ಪಿಯಾನೊ ಇದೆ. ಕ್ಯಾಸೆಟ್ ಹಾಕಿದರೆ ಯಾರೂ ಮುಟ್ಟದೆ ತಾನೇ ನುಡಿಯುತ್ತದೆ. ಅವರು ದೆಹಲಿಗೆ ಹೋಗುತ್ತಿರುವುದರಿಂದ ಮಾರಿಬಿಡುತ್ತಾರೆ.

“ಕೀ ತಾನೇ ಬೀಳ್ತದಂತೆ ಕಣಮ್ಮಾ,” ಎಂದರು ಅಪ್ಪ, ತೊದಲುತ್ತಾ. “ಅದರ ಮೇಲೆ ನನ್ ಕೈ ಇಟ್ರೆ ಬೆರಳೂ ಜೊತೆಗೆ ಬೀಳಲ್ವಾ? ದಿನಾ ಹಂಗೇ ಮಾಡ್ತಿದ್ರೆ ಅವಕ್ಕೇ ನೆನಪಾಗ್ತದೆ.”

ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ನೀನೇ ಬೇಡ ಅಂದ್ಬಿಡೇ. ನನ್ ಕೈಲಿ ಆಗಲ್ಲ.”

ನನ್ನ ಕೈಲೂ ಆಗಲಿಲ್ಲ. ಆ ವಾರವೆಲ್ಲ ಟೈಪ್ ಹೊಡೆಯುತ್ತಲೇ ದಿಗಿಲು. ದುಡ್ಡು ಎಲ್ಲಿಂದ ತರುವುದು? ಅಷ್ಟು ಭಾರದ್ದು ನಮ್ಮ ಇಕ್ಕಟ್ಟು ಮೆಟ್ಟಿಲು ಹತ್ತುವುದು ಹೇಗೆ? ಹತ್ತಿದರೂ ಮಹಡಿ ತಾಳೀತೇ? ಅದರ ನೇರ ಕೆಳಗೆ ಮಲಗುವವರು ಓನರ್ ಆಂಟಿ. ನಮ್ಮ ಬೀದಿಯ ಕರೆಂಟಿಗೆ ಟ್ಯೂಬ್‌ಲೈಟೇ ಹತ್ತಲು ಒದ್ದಾಡುತ್ತಿತ್ತು, ಆ ಯಂತ್ರ ಉಳಿದೀತೇ? ಇವೆಲ್ಲವೂ ಸರಿಹೋಗಿ, ಮನೆಗೆ ತಂದ ಮೇಲೂ ಬೆರಳು ಏಳದಿದ್ದರೆ? ಅಲ್ಲಿಗೆ ಬಂದಾಗ ಟೈಪು ತಪ್ಪುತ್ತಿತ್ತು.

ಭಾನುವಾರ ಅಪ್ಪ, ನಾನು ಆಟೋದಲ್ಲಿ ಹೊರಟೆವು. ಪ್ರತಿ ಹಳ್ಳಕ್ಕೂ ಅವರ ತೋಳು ಹಿಡಿಯುತ್ತಿದ್ದೆ. “ನಾನೇನು ಮೊಟ್ಟೆ ಬುಟ್ಟೀನಾ?” ಎಂದು ಕೊಸರಿಕೊಂಡರು.

ಪ್ರೊಫೆಸರರ ಹೆಂಡತಿ ಬಾಗಿಲು ತೆಗೆದರು. ನನ್ನ ಪ್ರಶ್ನೆಗಳನ್ನೆಲ್ಲ ಅವರ ಮುಂದೆ ಸುರಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. “ಮಳೆಗಾಲದಲ್ಲಿ ಮರ ಊದ್ಕೊಂಡು ಕೀ ಕಚ್ಕೊಳತ್ತೆ. ಶ್ರುತಿ ಮಾಡೋರು ಕಂಟೋನ್‌ಮೆಂಟಿಂದ ಬರ್ಬೇಕು. ಯಂತ್ರ ಕೆಟ್ರೆ ಮಾತ್ರ ಈ ಊರಲ್ಲಿ ನಂಗೆ ಯಾರೂ ಸಿಕ್ಕಿಲ್ಲ. ಕ್ಯಾಸೆಟ್ಟೂ ಅಷ್ಟೆ, ಎಲ್ಲಾ ಇಂಗ್ಲಿಷ್ ಟ್ಯೂನು.”

“ಯಂತ್ರ ಕೆಟ್ರೂ ಕೈಯಲ್ಲಿ ನುಡಿಸ್ಬೋದಾ?” ಎಂದು ಕೇಳಿದೆ.

“ಓ, ಅದಕ್ಕೇನು, ಕೈ ಚೆನ್ನಾಗಿದ್ರೆ...” ಎಂದವರು ಅಪ್ಪನ ಕಡೆ ನೋಡಿ, ಬೇಗ ಬೇಗ ಕ್ಯಾಸೆಟ್ ಹುಡುಕತೊಡಗಿದರು.

ಕ್ಯಾಸೆಟ್ ಹಾಕಿದರು. ಬಿಳಿ, ಕಪ್ಪು ಕೀಗಳು ತಮ್ಮಷ್ಟಕ್ಕೆ ಬಿದ್ದು ಏಳತೊಡಗಿದವು. ಅಪ್ಪ ಎಡಗೈಯಿಂದ ಬಲಗೈ ಎತ್ತಿ, ಬೆರಳು ಬಿಡಿಸಿ, ಕೀಗಳ ಮೇಲಿಟ್ಟರು. ಕೈಯ ಭಾರಕ್ಕೆ ಅಲ್ಲಿನ ಕೀಗಳು ಒತ್ತಿಹೋದವು. ಆಚೆ ಈಚೆ ಸ್ವರ ಕೇಳಿತು, ಕೈ ಇದ್ದ ಕಡೆ ಕೇಳಲಿಲ್ಲ. ಹಾಡು ಕುಂಟಿತು. ಕೈ ತೆಗೆದರೆ ಸರಾಗವಾಗಿ ಹರಿಯಿತು. ಮತ್ತೆ ಇಟ್ಟರು, ಮತ್ತೆ ಕುಂಟಿತು.

“ನಿಲ್ಸಿ ಮೇಡಂ,” ಎಂದರು ಅಪ್ಪ. ಆಮೇಲೆ ಕುಡಿಯಲು ನೀರು ಕೇಳಿದರು.

ವಾಪಸು ಬರುವಾಗ ಆಟೋ ವಿಜಯನಗರ ಮುಟ್ಟಿತ್ತು. “ಅದಕ್ಕೆ ನನ್ ಕೈ ಅಡ್ಡ ಕಣಮ್ಮಾ,” ಎಂದರು ಅಪ್ಪ.

ಮುಂದಿನ ದಿನಗಳು ಇನ್ನೂ ಕಷ್ಟದವು. ಅಪ್ಪ ತಟ್ಟೆಯಲ್ಲಿ ಅನ್ನ ಕಲಸಿ ಬಿಟ್ಟು ಏಳುತ್ತಿದ್ದರು. ಕಿಟಕಿಯ ಹತ್ತಿರ ಒಬ್ಬರನ್ನೇ ಬಿಡಲು ಹೆದರಿ ಅಮ್ಮ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಕಚೇರಿಯಲ್ಲಿ ಫೋನ್ ಹೊಡೆದುಕೊಂಡರೆ ಮನೆಯ ಸುದ್ದಿಯೇ ಇರಬೇಕೆಂದು ನಾನೇ ಓಡಿ ಎತ್ತುತ್ತಿದ್ದೆ. ಕೆಟ್ಟದ್ದೇನೂ ಆಗಲಿಲ್ಲ. ಒಂದು ಸಂಜೆ ಅಪ್ಪ ಅಟ್ಟದತ್ತ ತೋರಿಸಿ, “ಪೆಟ್ಟಿಗೆ ಇಳ್ಸು. ನೀನು ಗಾಳಿ ಹಾಕು, ನಾನು ಎಡಗೈಲಿ ನೋಡ್ತೀನಿ,” ಎಂದರು.

ಹಾರ್ಮೋನಿಯಮ್ಮಿನ ತಿದಿಯನ್ನು ನಾನು ಹಿಂದೆಂದೂ ಒತ್ತಿರಲಿಲ್ಲ. ಇವರ ಆಸೆ ಇಲ್ಲೂ ಮುರಿದರೆ ಎಂಬ ಭಯದಲ್ಲಿ ಜೋರಾಗಿ ಒತ್ತಿಬಿಟ್ಟೆ.

“ಭತ್ತ ಕುಟ್ತಾ ಇದೀಯಾ? ಮೆಲ್ಲಗೆ! ಉಸಿರಾಡ್ದಂಗಿರ್ಬೇಕು.”

ಕಾಯಿಲೆ ಬಿದ್ದ ಮೇಲೆ ಅಪ್ಪ ನನ್ನನ್ನು ಬೈದದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಅಮ್ಮ ಮುಸಿಮುಸಿ ನಕ್ಕದ್ದು ಕೇಳಿಸಿತು. ಎಡಗೈ ಹೊಸದಾಗಿ ಕಲಿಯುವವರ ಹಾಗೆ ತಡವರಿಸಿತು. ಸ, ರಿ ಸಿಕ್ಕಿತು, ಗ ಹಿಡಿಯುವಷ್ಟರಲ್ಲಿ ನನ್ನ ಗಾಳಿ ಮುಗಿಯಿತು.

ಬಲಗೈ ಕೊನೆಯವರೆಗೂ ಹಾಗೇ ಉಳಿಯಿತು. ಎಡಗೈಗೆ ನಾಲ್ಕಾರು ದೇವರನಾಮ ಒಲಿದವು. ಬಸ್ಸು ತಡವಾದ ಸಂಜೆಗಳಲ್ಲಿ, ಗಾಳಿ ಹಾಕುವವರಿಲ್ಲದೆ ಕಾಯುತ್ತಿರುತ್ತಾರಲ್ಲ ಎಂದು ಚಡಪಡಿಸುತ್ತಾ ಸ್ಟಾಪಿನಿಂದ ಓಡೋಡಿ ಬರುತ್ತಿದ್ದೆ. ಎಷ್ಟೋ ಸಲ ಅಪ್ಪ ಆಗಲೇ ಅಮ್ಮನನ್ನು ತಿದಿಯ ಮುಂದೆ ಕೂರಿಸಿಕೊಂಡು ಜಗಳ ಆಡುತ್ತಿರುತ್ತಿದ್ದರು.